ಒಂದೇ ಮುಖದ ಮೂವರು, ಒಂದು ಪುಟ್ಟ ಕನ್ನಡಿ

ಕಬ್ಬಿಣಕ್ಕೆ ಮಾತು ಬರುತ್ತಿದ್ದ ಕಾಲದಲ್ಲಿ ಒಬ್ಬ ಕಮ್ಮಾರನಿಗೆ ಮೂವರು ಗಂಡುಮಕ್ಕಳಿದ್ದರಂತೆ. ಮೂವರದೂ ಒಂದೇ ಮುಖ, ಒಂದೇ ಎತ್ತರ, ಒಂದೇ ಥರದ ಅಂಗಿ. ಕಿರಿಯವನಿಗೆ ಎಪ್ಪತ್ತು ಕುದುರೆಯ ಬಲ, ನಡುವಿನವನಿಗೆ ತೊಂಬತ್ತು, ಹಿರಿಯವನಿಗೆ ನೂರಹತ್ತು. ಬಯಲಲ್ಲಿ ನಡೆಯುವಾಗ ಯಾರು ಯಾರೆಂದು ಹೆತ್ತವರಿಗೂ ತಿಳಿಯುತ್ತಿರಲಿಲ್ಲವಂತೆ. ಬೆಟ್ಟ ಹತ್ತುವಾಗ ಮಾತ್ರ ತಿಳಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ತಿಳಿದು ಏನು ಬಂತು? ಹೊರೆ ಆಗಲೇ ಬೆನ್ನೇರಿ ಕೂತಿರುತ್ತದೆ. ಅದಕ್ಕೇ ಊರಿನವರು ಬೆಟ್ಟದ ಬುಡದಲ್ಲಿ ಒಬ್ಬ ಹೆಂಗಸನ್ನು ಕೂರಿಸಿದರಂತೆ. ಹೊರೆ ಹೊರಿಸುವ ಮೊದಲು, ಇವನು ಮೂವರಲ್ಲಿ ಯಾರು ಎಂದು ಹೇಳುವುದಷ್ಟೇ ಅವಳ ಕೆಲಸ.

ಆ ಹೆಂಗಸು ಇವತ್ತಿಗೂ ಇದ್ದಾರೆ. ಮಂಗಳವಾರ, ಬೆಳಗಿನ ಐದೂಕಾಲು. ಹಳೆ ಕಾರುಗಳನ್ನು ಮಾರುವ ಮೈದಾನದ ಹಿಂಬದಿ ಗೇಟಿನ ಪಕ್ಕ, ತಗಡಿನ ಚಪ್ಪರದ ಕೆಳಗೆ, ಹಳದಿ ವ್ಯಾನೊಂದರ ಬಾನೆಟ್ ಮೇಲೆ ಅಂಗೈ ಊರಿ ನಿಂತಿದ್ದಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ.

"ಎಷ್ಟೊತ್ತಿಗೆ ನಿಲ್ಲಿಸಿದ್ರಿ ಅಣ್ಣಾ?"

"ನಿನ್ನೆ ಸಂಜೇನೇ ತಂದು ನಿಲ್ಲಿಸ್ಬಿಟ್ಟೆ. ಬಿಸಿ ಇದ್ರೆ ನೀವು ಮುಟ್ಟಲ್ವಂತಲ್ಲ?"

"ಯಾರಂದ್ರು?"

"ಕೇಳಿದೋರೆಲ್ಲ ಅಂದ್ರು."

ಅವರು ನಕ್ಕು ಬಾನೆಟ್ ಎತ್ತುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ತೆರೆದಿಟ್ಟ ಊಟದ ಡಬ್ಬಿ. ಅದರಲ್ಲಿ ಊಟವಿಲ್ಲ, ಸವೆದ ಹಲ್ಲುಜ್ಜುವ ಬ್ರಷ್ಷುಗಳು ನಾಲ್ಕು, ಒಂದು ಟಾರ್ಚು, ಸೀಮೆಸುಣ್ಣದ ತುಂಡುಗಳು, ಮೊಂಡು ಪೆನ್ಸಿಲು, ಮತ್ತು ಹಲ್ಲಿನ ಡಾಕ್ಟರು ಬಾಯೊಳಗೆ ಹಿಡಿಯುವ, ಉದ್ದ ಹಿಡಿಕೆಯ ಪುಟ್ಟ ದುಂಡು ಕನ್ನಡಿ. ಆ ಕನ್ನಡಿಯಿಂದಲೇ ಅವರಿಗೆ ಈ ಮೈದಾನದಲ್ಲಿ ಕನ್ನಡಿಯಕ್ಕ ಎಂಬ ಹೆಸರು. ವಯಸ್ಸು ಐವತ್ತೆರಡು. ಬಳೆಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಬರುತ್ತಾರೆ, ಇಂಜಿನ್ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆಂದು.

ಅವರ ಕೆಲಸ ಹೇಳುವುದಕ್ಕೆ ಸುಲಭ. ಒಂದೇ ಮಾದರಿಯ ಡೀಸೆಲ್ ಕಾರು ಕಾರ್ಖಾನೆಯಿಂದ ಬರುವಾಗಲೇ ಎರಡು ಮೂರು ಶಕ್ತಿಯಲ್ಲಿ ಬರುತ್ತದೆ. ಹೊರಗಿನಿಂದ ನೋಡಿದರೆ ಇಂಜಿನ್ನುಗಳು ಅಣ್ಣತಮ್ಮಂದಿರು. ಕಾಗದಪತ್ರದಲ್ಲಿ ಇಂಜಿನ್ ಎಷ್ಟು ಲೀಟರಿನದೆಂದು ಇರುತ್ತದೆ. ಆ ಲೆಕ್ಕ ಮೂವರಿಗೂ ಒಂದೇ. ಶಕ್ತಿ ಹೇಳುವ, ಹಿಂಬದಿಯ ಹೊಳೆಯುವ ಅಂಕಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಕೊಳ್ಳುವವರು ಕನ್ನಡಿಯಕ್ಕನ ಮುಂದೆ ಬಂದು ನಿಲ್ಲುತ್ತಾರೆ. ಕನ್ನಡಿಯಕ್ಕ ಇಂಜಿನ್ ನೋಡಿ, ಬಾನೆಟ್ಟಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಒಂದು ಅಂಕಿ ಬರೆಯುತ್ತಾರೆ. ಈ ಮೈದಾನದಲ್ಲಿ ಆ ಅಂಕಿಗೆ ಎದುರಾಡುವವರಿಲ್ಲ.

ಇವತ್ತು ಹಳದಿ ವ್ಯಾನು ತಂದಿರುವವರನ್ನು ಮಕ್ಕಳೆಲ್ಲ ಮಾಮ ಎಂದು ಕರೆಯುತ್ತಾರೆ. ಮೀಸೆ ನರೆತಿದೆ. ಹದಿನೇಳು ವರ್ಷದಿಂದ ಅವರು ಬೆಟ್ಟದ ಮೇಲಿನ ಶಾಲೆಗೆ, ಗಾಲಿಕುರ್ಚಿಯಲ್ಲಿ ಓಡಾಡುವ ಆರು ಮಕ್ಕಳನ್ನು ಕರೆದೊಯ್ಯುತ್ತಿದ್ದಾರೆ. ಹಳೆ ವ್ಯಾನು ಕೈಕೊಟ್ಟಿತೆಂದು ಎರಡು ತಿಂಗಳ ಹಿಂದೆ ಇದನ್ನು ಕೊಂಡರು. ಕುರ್ಚಿ ಏರಿಸುವ ಕಬ್ಬಿಣದ ಹಲಗೆಯನ್ನು ಹಳೆಯದರಿಂದ ಕಳಚಿ ಇದಕ್ಕೆ ಜೋಡಿಸಿದರು. ಹಿಂದುಗಡೆ ನೂರಹತ್ತು ಎಂದು ಹೊಳೆಯುತ್ತಿತ್ತು, ನಂಬಿದರು.

"ಒಂಬತ್ತು ತಿರುವು ಅಕ್ಕಾ ಆ ದಾರಿ. ಎಂಟನೇದರಲ್ಲಿ ಉಸಿರು ಬಿಟ್ಬಿಡ್ತು. ನಾನು ಫಸ್ಟ್ ಗೇರಿಗೆ ಹಾಕೋಷ್ಟರಲ್ಲಿ ಹಿಂದಕ್ಕೆ ಒಂದು ಮಾರು ಜಾರಿತು. ಮಕ್ಕಳು ಜೋಕಾಲಿ ಅಂದ್ಕೊಂಡು ಕೇಕೆ ಹಾಕಿದ್ವು. ಇಷ್ಟು ದೂರ, ನೋಡಿ."

ಎರಡೂ ಕೈ ಚಾಚಿ ತೋರಿಸುತ್ತಾರೆ.

ಶಾಲೆಯವರು ಕೆಟ್ಟವರಲ್ಲ. ಆದರೆ ಹೆದರಿದ್ದಾರೆ. ರಜೆ ಮುಗಿದು ಸೋಮವಾರ ಶಾಲೆ ತೆರೆಯುತ್ತದೆ. ಅಷ್ಟರೊಳಗೆ ವ್ಯಾನು ತುಂಬಿದ ಹೊರೆಯೊಂದಿಗೆ ಬೆಟ್ಟ ಹತ್ತಿ ತೋರಿಸಬೇಕು, ಇಲ್ಲವಾದರೆ ಮಕ್ಕಳನ್ನು ಕಳಿಸುವುದು ಬೇಡ ಎಂದಿದ್ದಾರೆ. ಕುರ್ಚಿ ಏರಿಸುವ ಹಲಗೆಯಿರುವ ಬೇರೆ ಗಾಡಿ ಸುತ್ತಮುತ್ತ ಇಲ್ಲ. ಅಂದರೆ ಆರು ಮಕ್ಕಳು ಮನೆಯಲ್ಲೇ. ಮಾಮ ಮೂವರು ಮೆಕ್ಯಾನಿಕ್ಕರಿಗೆ ತೋರಿಸಿದ್ದಾರೆ. ಒಬ್ಬ ಪಂಪು ಬದಲಿಸು ಎಂದ. ಇನ್ನೊಬ್ಬ ಇಂಜಿನ್ನೇ ಬಿಚ್ಚಬೇಕು ಎಂದ. ಮೂರನೆಯವನು, "ಇದು ಎಪ್ಪತ್ತರದ್ದು ಸ್ವಾಮಿ, ಮಾರಿ ಕೈತೊಳ್ಕೊಳ್ಳಿ" ಎಂದ.

"ಹಿರಿಯವನಾದ್ರೆ ಕಾಯಿಲೆ ಇದೆ, ವಾಸಿ ಮಾಡ್ಬಹುದು," ಎನ್ನುತ್ತಾರೆ ಕನ್ನಡಿಯಕ್ಕ. "ಕಿರಿಯವನಾದ್ರೆ ಕಾಯಿಲೇನೇ ಇಲ್ಲ ಅಣ್ಣಾ, ಅವನ ತ್ರಾಣಾನೇ ಅಷ್ಟು. ಬಯ್ದು ಪ್ರಯೋಜನ ಇಲ್ಲ. ಯಾರು ಅಂತ ಶನಿವಾರದೊಳಗೆ ಬರೆದು ಕೊಡ್ತೀನಿ. ಬರೆಯೋವರೆಗೂ ನನ್ನ ಬಾಯಿ ಬಿಡಿಸ್ಬೇಡಿ."

ಹೀಗೆ ಮಾತು ಕೊಡುವುದು ಅವರ ರೂಢಿಯಲ್ಲ. ಸಾಮಾನ್ಯವಾಗಿ ಒಂದು ಕಾರಿಗೆ ಮುಕ್ಕಾಲು ಗಂಟೆ. ಐದರಿಂದ ಎಂಟರೊಳಗೆ ನಾಲ್ಕು ಕಾರು. ಹನ್ನೊಂದು ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿದ ಇಂಜಿನ್ನುಗಳು, ಎಲ್ಲವೂ ರಟ್ಟಿನ ನೋಟುಪುಸ್ತಕಗಳಲ್ಲಿ ದಾಖಲು. ಹತ್ತರಲ್ಲಿ ಮೂರು, ಹಿಂದೆ ಹೊಳೆಯುವ ಅಂಕಿಯ ಹಾಗಿರುವುದಿಲ್ಲ. ಉತ್ತರ ಯಾವುದೇ ಬರಲಿ, ಅವರ ಕೂಲಿ ಒಂದೇ.

ಅವರು ಯಾವ ಶಾಲೆಯಲ್ಲೂ ಇದನ್ನು ಕಲಿತವರಲ್ಲ. ಬಿಡಿಭಾಗಗಳ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ಕೌಂಟರಿನ ಹಿಂದೆ ನಿಂತವರು. ಬೆಳಿಗ್ಗೆ ಕೊಟ್ಟ ಸಾಮಾನು ಸಂಜೆಗೆ ವಾಪಸ್ ಬರುತ್ತಿತ್ತು, ಬೈಗುಳದ ಸಮೇತ: ಇದು ಕೂರಲ್ಲ, ಇದು ನಮ್ಮ ಗಾಡಿದಲ್ಲ. ಬೇರೆಯವರು ಮೂಗು ಮುರಿದು ಕಪಾಟಿಗೆ ಎಸೆಯುತ್ತಿದ್ದರು. ಇವರು ಮಾತ್ರ ಊಟದ ಹೊತ್ತಲ್ಲಿ ಕೂರದ ಸಾಮಾನನ್ನೂ ಕೂರುವ ಸಾಮಾನನ್ನೂ ಅಕ್ಕಪಕ್ಕ ಇಟ್ಟು ನೋಡುತ್ತ ಕೂರುತ್ತಿದ್ದರು. "ಒಂದರ ಮೂತಿ ಅಗಲ, ಇನ್ನೊಂದರದ್ದು ಕಿರಿದು. ಒಂದಕ್ಕೆ ಮೂರು ಕಿವಿ, ಇನ್ನೊಂದಕ್ಕೆ ನಾಲ್ಕು. ವಾಪಸ್ ಬಂದ ಸಾಮಾನೇ ನನ್ನ ಮೇಷ್ಟ್ರು," ಎನ್ನುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಸ್ಟೂಲು ತಂದು ಈ ಗೇಟಿನ ಪಕ್ಕ ಹಾಕಿದರು.

ಬಂದ ಮೊದಲ ವರ್ಷವೇ ಒಂದು ತಪ್ಪು ಮಾಡಿದರು. ಅದನ್ನು ಅವರೇ ಹೇಳುತ್ತಾರೆ, ಯಾರೂ ಕೇಳದಿದ್ದರೂ.

ನೆತ್ತಿ ಸುಡುವ ಮಧ್ಯಾಹ್ನ. ಗಂಡ ಹೆಂಡತಿ ಬಂದಿದ್ದರು. ಮಾರುವವನು ಕಾರನ್ನು ಆಗಷ್ಟೇ ಓಡಿಸಿ ತಂದಿದ್ದ. ಇಂಜಿನ್ ಕಾದ ಹಂಚಿನಂತಿತ್ತು, ಸಂದಿಗೆ ಕೈ ಹಾಕುವ ಹಾಗಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೂರಹತ್ತು ಎಂದಿತ್ತು, ಹಾಗೇ ಬರೆದುಬಿಟ್ಟರು. ಮುಚ್ಚಳ ಬೇರೆ ಕಾರಿನದು. ಎರಡು ವಾರ ಕಳೆದು ಅದೇ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. "ಆ ಗಂಡಸು ಕೂಗಾಡಿದ್ರೆ ನಾನು ಮರೆತುಬಿಡ್ತಿದ್ದೆನೋ ಏನೋ. ಆ ಹೆಣ್ಣುಮಗಳು ಮಾತ್ರ ನನ್ನ ಮುಖ ನೋಡಿ, ನೀವು ಹೇಳಿದ್ರಲ್ಲ ಅಂತ ತಗೊಂಡ್ವಿ ಅಂದ್ಲು. ಅಷ್ಟೇ. ಪಾತ್ರೆ ಮುಚ್ಚಳ ನೋಡಿ ಒಳಗಿನ ಅಡುಗೆ ರುಚಿ ಹೇಳಿದ್ದೆ ನಾನು."

ಅಂದಿನಿಂದ ಎರಡು ಕಟ್ಟುಪಾಡು. ಬಿಸಿ ಇಂಜಿನ್ ಮುಟ್ಟುವುದಿಲ್ಲ. ಕೆಲಸವೆಲ್ಲ ನಸುಕಿನಲ್ಲಿ, ರಾತ್ರಿಯಿಡೀ ತಣ್ಣಗಾದ ಗಾಡಿಗಳ ಮೇಲೆ. ಮತ್ತೆ, ಮೂರು ಸಾಕ್ಷಿ ಒಂದೇ ಮಾತು ಹೇಳುವ ತನಕ ಸೀಮೆಸುಣ್ಣ ಎತ್ತುವುದಿಲ್ಲ. ಮೊದಲ ಸಾಕ್ಷಿ ಹುಟ್ಟು: ಇಂಜಿನ್ನಿನ ಮೈಯಲ್ಲಿ ಕಾರ್ಖಾನೆಯವರು ಕೊರೆದ ಸಂಖ್ಯೆ. ಎರಡನೆಯದು ಅಂಗ: ಈಗ ಅದರ ಮೇಲಿರುವ ಭಾಗಗಳು. ಮೂರನೆಯದು ದಾರಿ: ಏರಿನಲ್ಲಿ ಗಾಡಿ ಹೇಗೆ ಎಳೆಯುತ್ತದೆ ಎಂಬುದು.

ಹಾಗಿದ್ದರೆ ಕಂಪ್ಯೂಟರ್ ಹಚ್ಚಿ ನೋಡಬಾರದೇ ಎಂದು ಓದುವವರಿಗೆ ಅನ್ನಿಸಬಹುದು. ಮಾಮ ಕೂಡ ಕೇಳುತ್ತಾರೆ. "ಅದು ತನಗೆ ಹೇಳಿಕೊಟ್ಟಿದ್ದನ್ನ ಗಿಣಿ ಹಾಗೆ ಒಪ್ಪಿಸುತ್ತೆ ಅಣ್ಣಾ. ಹೇಳಿಕೊಟ್ಟೋರು ಯಾರು ಅನ್ನೋದು ಅದಕ್ಕೆ ಗೊತ್ತಿರಲ್ಲ."

ಮಂಗಳವಾರ ಮೊದಲ ಸಾಕ್ಷಿ. ಕನ್ನಡಿಯಕ್ಕ ಬಲಗೈಯನ್ನು ಮೊಣಕೈ ತನಕ ಇಂಜಿನ್ನಿನ ಹಿಂಬದಿಗೆ ಇಳಿಬಿಟ್ಟು ಬ್ರಷ್ಷಿನಿಂದ ಜಿಡ್ಡು ಉಜ್ಜುತ್ತಾರೆ. ಸೀಮೆಸುಣ್ಣದ ಪುಡಿ ತೀಡಿ ಬಟ್ಟೆಯಿಂದ ಒರೆಸುತ್ತಾರೆ. ಉಬ್ಬಿದ ಜಾಗ ಕಪ್ಪಾಗಿ ಉಳಿದು, ಕೊರೆದ ಗೆರೆಗಳಲ್ಲಿ ಬಿಳುಪು ನಿಲ್ಲುತ್ತದೆ. ಕನ್ನಡಿಯನ್ನು ಓರೆ ಮಾಡಿ, ತಿರುಗುಮುರುಗಾಗಿ ಕಾಣುವ ಅಕ್ಷರಗಳನ್ನು ಒಂದೊಂದಾಗಿ ಓದಿ, ಆಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದು ತಾಳೆ ನೋಡುತ್ತಾರೆ. ಹುಟ್ಟು ಹೇಳುತ್ತದೆ: ಇವನು ಹಿರಿಯವನೇ.

ಮಾಮನ ಮುಖ ಅರಳುತ್ತದೆ. ಕನ್ನಡಿಯಕ್ಕನ ಮುಖ ಅರಳುವುದಿಲ್ಲ.

"ಸ್ಟಾರ್ಟ್ ಮಾಡಿ."

ಇಂಜಿನ್ನಿಗೆ ಗಾಳಿ ಊದುವ ಟರ್ಬೊ, ಕಮ್ಮಾರನ ತಿದಿ ಇದ್ದ ಹಾಗೆ. ಹಿರಿಯವನ ತಿದಿಗೆ ಬೆರಳುದ್ದದ ಒಂದು ಕಡ್ಡಿ ಇರುತ್ತದೆ. ಇಂಜಿನ್ ಶುರುವಾದ ಕೂಡಲೇ ಆ ಕಡ್ಡಿ ಒಳಕ್ಕೆ ಸೆಳೆದುಕೊಳ್ಳುತ್ತದೆ, ಮಲಗಿದ್ದವನು ಎಚ್ಚರಾಗಿ ಉಸಿರೆಳೆದ ಹಾಗೆ. ತಮ್ಮಂದಿರ ತಿದಿಯಲ್ಲಿ ಹಾಗಾಗುವುದಿಲ್ಲ. ಕನ್ನಡಿಯಕ್ಕ ಕನ್ನಡಿ ಹಿಡಿದು ಕಣ್ಣು ನೆಟ್ಟಿದ್ದಾರೆ. ಇಂಜಿನ್ ಗುಡುಗುಡು ಎನ್ನುತ್ತದೆ. ಕಡ್ಡಿ ಅಲುಗುವುದಿಲ್ಲ. ಮತ್ತೊಮ್ಮೆ ನಿಲ್ಲಿಸಿ, ಶುರು ಮಾಡಿಸುತ್ತಾರೆ. ಇಲ್ಲ.

ಎರಡು ಸಾಕ್ಷಿ, ಎರಡು ಮಾತು. ಸೀಮೆಸುಣ್ಣ ಡಬ್ಬಿಯಲ್ಲೇ ಉಳಿಯುತ್ತದೆ.

ಕನ್ನಡಿಯಕ್ಕನ ಮನೆ ಮೈದಾನದ ಹಿಂದಿನ ಬೀದಿಯಲ್ಲಿ, ಎರಡು ಕೋಣೆ. ಗಂಡ ನೇಯ್ಗೆ ಗಿರಣಿಗೆ ಹೋಗಿದ್ದಾರೆ. ಕಿಟಕಿಯ ಪಕ್ಕದ ಮಂಚದ ಮೇಲೆ ಅತ್ತೆ, ಎಂಬತ್ತರ ಹತ್ತಿರ. ಕಣ್ಣು ಮಂದವಾದರೂ ನಾಲಿಗೆ ಮೊನಚು.

"ಬಂದ್ಲು ನೋಡು, ಇಂಜಿನ್ನಿಗೆ ಹಲ್ಲುಜ್ಜೋಳು. ನನ್ನ ಬ್ರಷ್ ಎಲ್ಲೇ?"

"ಅದು ಸವೆದಿತ್ತು ಅತ್ತೆ."

"ನಾನೂ ಸವೆದಿದೀನಿ. ನನ್ನೂ ಡಬ್ಬಿಗೆ ಹಾಕ್ಕೊಂಡು ಹೋಗು."

ಇಬ್ಬರೂ ನಗುತ್ತಾರೆ. ಸೊಸೆ ಅನ್ನ ಕಲೆಸುತ್ತ ಹಳದಿ ವ್ಯಾನಿನ ಕಥೆ ಹೇಳುತ್ತಾರೆ. ಅತ್ತೆ ಕೇಳಿಸಿಕೊಂಡು, "ನಿಮ್ಮ ಮಾವ ಹೊಟ್ಟೆನೋವು ಅಂತ ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದ್ರಾ? ಊಟಕ್ಕೆ ಬರ್ತಿರಲಿಲ್ಲ, ಅದರಿಂದ ತಿಳ್ಕೋಬೇಕಿತ್ತು. ಏನು ಹೇಳುತ್ತೆ ಅಂತ ನೋಡ್ತಿದೀಯ ನೀನು. ಏನು ಹೇಳ್ತಿಲ್ಲ ಅಂತ ನೋಡು," ಎನ್ನುತ್ತಾರೆ.

ಬುಧವಾರ ನಸುಕಿನಲ್ಲಿ ಕನ್ನಡಿಯಕ್ಕ ಬಾನೆಟ್ ಎತ್ತುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ಅರ್ಧ ತಿರುಗಿಸುತ್ತಾರೆ. ಯಾವುದೇ ಗಾಡಿಯಲ್ಲಿ ಹಾಗೆ ಮಾಡಿದರೆ ಎದುರಿನ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಕಣ್ಣು ಬಿಟ್ಟು ಮುಚ್ಚುತ್ತವೆ. ಇಲ್ಲಿ ಎಣ್ಣೆಯ ದೀಪ ಬಂತು, ಬ್ಯಾಟರಿಯದು ಬಂತು, ಬ್ರೇಕಿನದು ಬಂತು. ಇಂಜಿನ್ನಿನ ದೀಪ ಬರಲಿಲ್ಲ. ಮತ್ತೆ ತಿರುಗಿಸುತ್ತಾರೆ. ಬರಲಿಲ್ಲ. ಎದುರಿನ ಮೀಟರುಗಳ ಹಲಗೆ ಬಿಚ್ಚಿಸಿ ನೋಡಿದರೆ, ಆ ಒಂದು ದೀಪದ ಮೇಲೆ ಕರಿ ಟೇಪು ಅಂಟಿಸಿದೆ.

"ಇವನು ಅಳ್ತಾನೇ ಇದಾನೆ ಅಣ್ಣಾ. ಯಾರೋ ಬಾಯಿ ಮುಚ್ಚಿದಾರೆ."

ಮಾಮ ಆ ಟೇಪಿನ ಚೂರನ್ನು ಬೆರಳಲ್ಲಿ ಉಂಡೆ ಮಾಡುತ್ತ ನಿಲ್ಲುತ್ತಾರೆ.

ಬಾಯಿ ಮುಚ್ಚಿಸಬೇಕಾದರೆ ಮುಚ್ಚಿಡುವಂಥದ್ದು ಏನೋ ಇರಲೇಬೇಕು. ಗುರುವಾರ ಅದನ್ನು ಹುಡುಕುವ ಕೆಲಸ. ಕನ್ನಡಿಗೆ ಕಾಣದ ಕಡೆ ಬೆರಳು ಹೋಗುತ್ತದೆ. ಕಣ್ಣು ಮುಚ್ಚಿ, ಕೆನ್ನೆಯನ್ನು ತಣ್ಣನೆಯ ಕಬ್ಬಿಣಕ್ಕೆ ಆನಿಸಿ, ಕನ್ನಡಿಯಕ್ಕ ಇಂಜಿನ್ನಿನ ಬೆನ್ನನ್ನು ತಡಕುತ್ತಾರೆ. ಒಂದು ಪೈಪು, ಅದರ ಪಕ್ಕ ತಂತಿಗಳ ಕಂತೆ, ಅದರ ಹಿಂದೆ... ಕೈ ನಿಲ್ಲುತ್ತದೆ. ಮೆಲ್ಲಗೆ ಹೊರಗೆಳೆದರೆ ಕಿರುಬೆರಳಿಗಿಂತ ಸಣ್ಣ ರಬ್ಬರ್ ನಳಿಕೆ. ಅದರ ತುದಿಗೆ ಯಾರೋ ಒಂದು ಸ್ಕ್ರೂ ತುರುಕಿದ್ದಾರೆ.

ಈ ನಳಿಕೆ ಹುಟ್ಟುವುದೇ ಹಿರಿಯವನ ಜೊತೆ. ತಿದಿಯ ಆ ಕಡ್ಡಿಯನ್ನು ಎಳೆಯುವುದು ಇದೇ. ತಮ್ಮಂದಿರ ಮೈಯಲ್ಲಿ ಇದಕ್ಕೆ ಕೆಲಸವೇ ಇಲ್ಲ. ನಡೆದದ್ದು ಈಗ ಕಣ್ಣಿಗೆ ಕಟ್ಟಿದಂತಿದೆ: ಹಿಂದಿನ ಯಜಮಾನನ ಕಾಲದಲ್ಲಿ ಹಿರಿಯವನ ತಿದಿ ಹಾಳಾಗಿದೆ, ಯಾರೋ ತಮ್ಮನ ತಿದಿ ತಂದು ಕೂರಿಸಿದ್ದಾರೆ, ಬಿಡುವಾದ ನಳಿಕೆಯ ಬಾಯಿಗೆ ಸ್ಕ್ರೂ ತುರುಕಿ ಹಿಂದೆ ಬಚ್ಚಿಟ್ಟಿದ್ದಾರೆ, ದೂರು ಹೇಳುವ ದೀಪಕ್ಕೆ ಟೇಪು ಅಂಟಿಸಿದ್ದಾರೆ.

"ಅಣ್ಣನ ಎದೆಗೆ ತಮ್ಮನ ಉಸಿರು ಜೋಡಿಸಿದಾರೆ," ಎನ್ನುತ್ತಾರೆ ಕನ್ನಡಿಯಕ್ಕ. "ಪಾಪ, ಇಷ್ಟು ದಿನ ಎಳೆದದ್ದೇ ಹೆಚ್ಚು."

"ಹಾಗಾದ್ರೆ ಬರೀರಿ ಅಕ್ಕಾ!"

"ಎರಡನೇ ಸಾಕ್ಷಿ ಇನ್ನೂ ಒಪ್ಪಿಲ್ಲವಲ್ಲ. ದಾರೀನೂ ಕೇಳಿಲ್ಲ."

ಸರಿಯಾದ ತಿದಿ ಎಲ್ಲಿ ಸಿಗುತ್ತದೆ? ಅವರು ನೋಟುಪುಸ್ತಕ ತಿರುವುತ್ತಾರೆ. ಎರಡು ತಿಂಗಳ ಹಿಂದಿನ ಪುಟ: ಬೆಳ್ಳಿ ಬಣ್ಣದ ಕಾರು, ಹಿಂಬದಿ ಜಜ್ಜಿದೆ, ಇಂಜಿನ್ ಹಿರಿಯವನದು, ಕಡ್ಡಿ ಚುರುಕು. ಅದು ಮೈದಾನದ ಕೊನೆ ಸಾಲಿನಲ್ಲಿ ಗುಜರಿಗೆ ಕಾಯುತ್ತ ಬಿದ್ದಿದೆ. ಸಾಲಿನ ಒಡೆಯ ಒಬ್ಬ ದಲ್ಲಾಳಿ. ದಿನವಿಡೀ ಬಟ್ಟೆ ಹಿಡಿದು ಕಾರು ಉಜ್ಜುವುದರಿಂದ ಎಲ್ಲರಿಗೂ ಹೊಳಪಣ್ಣ. ಹಳದಿ ವ್ಯಾನನ್ನು ಮಾಮನಿಗೆ ಮಾರಿದವರೂ ಅವರೇ. ಕನ್ನಡಿಯಕ್ಕ ಮಾಮನ ಜೊತೆ ಅಲ್ಲಿಗೆ ಹೋಗುತ್ತಾರೆ.

"ಏನಕ್ಕಾ, ಇವತ್ತು ಯಾರ ಹಲ್ಲು ಕೀಳೋಕೆ ಬಂದ್ರಿ?"

"ನಿಮ್ಮದೇ." ಕನ್ನಡಿಯಕ್ಕ ಅಂಗೈಯಲ್ಲಿ ಆ ಸ್ಕ್ರೂ ಇಟ್ಟು ತೋರಿಸುತ್ತಾರೆ, ನಡೆದದ್ದು ಹೇಳುತ್ತಾರೆ.

ಹೊಳಪಣ್ಣನ ಕೈಯ ಬಟ್ಟೆ ನಿಲ್ಲುತ್ತದೆ. "ನಾನು ಹೊರಗಡೆ ಹೊಳಪು ಕೊಡೋನು ಅಕ್ಕಾ. ಒಳಗಡೆ ನಂಗೇನು ಗೊತ್ತು? ನನ್ನ ಹತ್ರ ಬಂದಾಗಲೇ ಹಾಗಿತ್ತು."

"ಗೊತ್ತಿಲ್ದೇನೇ ನೂರಹತ್ತು ಅಂತ ಥಳಥಳ ಉಜ್ಜಿಟ್ಟಿದ್ರಲ್ಲ?"

"ಅದು ನಿಜಾನೇ ಆಯ್ತಲ್ಲ!"

"ನಾನಿನ್ನೂ ಬರೆದಿಲ್ಲ."

ಹೊಳಪಣ್ಣ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಮಾಮನ ಕಡೆ ತಿರುಗಿ, "ಮಕ್ಕಳು ಕೂತಿದ್ವಾ, ಜಾರಿದಾಗ?" ಎಂದು ಮೆಲ್ಲಗೆ ಕೇಳುತ್ತಾರೆ. ಮಾಮ ಹೂಂ ಎನ್ನುತ್ತಾರೆ. ಹೊಳಪಣ್ಣ ಬೆಳ್ಳಿ ಕಾರಿನ ಕೀಲಿಗೊಂಚಲನ್ನು ಅವರ ಕೈಗಿಟ್ಟು, ಮತ್ತೆ ಉಜ್ಜಲು ಶುರು ಮಾಡುತ್ತಾರೆ. ಆಗಲೇ ಹೊಳೆಯುತ್ತಿದ್ದ ಕಾರನ್ನೇ.

ಶುಕ್ರವಾರ ಎದುರು ಶೆಡ್ಡಿನ ಮೆಕ್ಯಾನಿಕ್ಕು ಬೆಳ್ಳಿ ಕಾರಿನ ತಿದಿ ಬಿಚ್ಚಿ ವ್ಯಾನಿಗೆ ಕೂರಿಸುತ್ತಾನೆ. ನಳಿಕೆಯ ಬಾಯಿಂದ ತೆಗೆದ ಸ್ಕ್ರೂ ಕನ್ನಡಿಯಕ್ಕನ ಡಬ್ಬಿಯಲ್ಲಿದೆ. ನಳಿಕೆ ತನ್ನ ಜಾಗಕ್ಕೆ ಹೋಗುತ್ತದೆ. ಕರಿ ಟೇಪು ಹೋಗಿ ದೀಪ ಕಣ್ಣು ಬಿಟ್ಟು ಮುಚ್ಚುತ್ತದೆ. ಶನಿವಾರ ನಸುಕಿನಲ್ಲಿ ಬಾನೆಟ್ ತಣ್ಣಗಿದೆ. ಮಾಮ ಕೀಲಿ ತಿರುಗಿಸುತ್ತಾರೆ. ಕನ್ನಡಿಯಲ್ಲಿ, ಗುಬ್ಬಿಯ ಕತ್ತು ಹೊರಳಿದಷ್ಟು ಚುರುಕಾಗಿ, ಕಡ್ಡಿ ಒಳಕ್ಕೆ ಸೆಳೆದುಕೊಳ್ಳುತ್ತದೆ.

"ಎರಡನೆಯವನು ಒಪ್ಪಿದ. ನಡೀರಿ, ದಾರೀನ ಕೇಳೋಣ."

ವ್ಯಾನಿನ ಹಿಂಬದಿಯಲ್ಲಿ ಆರು ಮರಳಿನ ಮೂಟೆಗಳು. ಯಾವ ಮಗು ಎಲ್ಲಿ ಕೂರುತ್ತದೋ ಅಲ್ಲಿ, ಆ ಮಗುವಿನ ಮತ್ತು ಅದರ ಕುರ್ಚಿಯ ತೂಕದಷ್ಟೇ ಮರಳು ತುಂಬಿದ್ದಾರೆ ಮಾಮ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೂರುವ ಕಡೆ ಏಳನೆಯ ಮೂಟೆ. ಎಲ್ಲ ಮೂಟೆಗೂ ಸೀಟ್ ಬೆಲ್ಟ್ ಹಾಕಿದ್ದಾರೆ.

"ಮರಳಿಗೂ ಬೆಲ್ಟಾ ಅಣ್ಣಾ?"

"ಅಭ್ಯಾಸ. ಕಿಟಕಿ ಪಕ್ಕದ್ದು ನೋಡಿ, ಅದು ನಮ್ಮ ತರಲೆ ಮರಿ ಕೂರೋ ಜಾಗ. ಬೆಲ್ಟ್ ಹಾಕದಿದ್ರೆ ಮೂಟೆ ಕೂಡ ಎದ್ದು ಓಡುತ್ತೆ."

ರಸ್ತೆಯುಬ್ಬು ಬಂದಾಗಲೆಲ್ಲ ಮಾಮ ನಿಧಾನಿಸುತ್ತಾರೆ, ಮೂಟೆಗಳಿಗೆ ನೋವಾದೀತೆಂಬಂತೆ. ಒಂದು, ಎರಡು, ಮೂರು ತಿರುವು. ಕನ್ನಡಿಯಕ್ಕ ಪಾದಗಳನ್ನು ನೆಲಕ್ಕೆ ಒತ್ತಿ, ಕಾಲಿನಿಂದ ಕೇಳಿಸಿಕೊಳ್ಳುತ್ತಿದ್ದಾರೆ. ಆರನೆಯದು. ಏಳನೆಯದು. ಎಂಟನೆಯ ತಿರುವಿಗೆ ಮುಂಚೆ ಮಾಮ ವ್ಯಾನು ನಿಲ್ಲಿಸಿಬಿಡುತ್ತಾರೆ. ತಿರುಗಿ ಹಿಂದಿನ ಮೂಟೆಗಳನ್ನು ನೋಡುತ್ತಾರೆ.

"ಇಲ್ಲಿಂದಾನೇ ಹೊರಡಿ," ಎನ್ನುತ್ತಾರೆ ಕನ್ನಡಿಯಕ್ಕ. "ನಿಂತಲ್ಲಿಂದ. ಓಡಿ ಬಂದು ಯಾರು ಬೇಕಾದ್ರೂ ಹತ್ತಾರೆ."

ಮಾಮ ಕ್ಲಚ್ಚು ಬಿಡುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸೀಟಿನ ಬೆನ್ನು ಇಬ್ಬರನ್ನೂ ಮೆತ್ತಗೆ ಮುಂದಕ್ಕೆ ನೂಕುತ್ತದೆ. ವ್ಯಾನು ತಿರುವಿನೊಳಗೆ ಹೋಗಿ, ಸದ್ದನ್ನು ಎತ್ತರಿಸದೆ, ತಿರುವಿನಿಂದ ಹೊರಗೆ ಬರುತ್ತದೆ. ಎರಡನೇ ಗೇರು. ಒಂಬತ್ತನೆಯ ತಿರುವನ್ನು ಲೆಕ್ಕಕ್ಕೆ ಹಿಡಿಯುವುದೇ ಇಬ್ಬರಿಗೂ ಮರೆತೇಹೋಗುತ್ತದೆ. ಶಾಲೆಯ ಗೇಟಿನಲ್ಲಿ ಮುಖ್ಯೋಪಾಧ್ಯಾಯಿನಿ ಶಾಲು ಹೊದ್ದು ಕಾಯುತ್ತಿದ್ದಾರೆ. ಅವರು ಒಳಗೆ ಇಣುಕಿ ಬೆಲ್ಟ್ ಹಾಕಿಕೊಂಡ ಮೂಟೆಗಳನ್ನು ನೋಡಿ, ನಗುವೋ ಅಳುವೋ ತಿಳಿಯದ ಮುಖದಲ್ಲಿ, "ಸೋಮವಾರ ಎಂಟೂವರೆಗೆ ಬಂದ್ಬಿಡಿ ಮಾಮ," ಎನ್ನುತ್ತಾರೆ.

"ಈಗಲಾದ್ರೂ ಬರೀರಿ ಅಕ್ಕಾ."

"ಬಿಸಿ ಇದೆ. ತಣ್ಣಗಾಗಲಿ."

ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂರುತ್ತಾರೆ. ಕೆಳಗೆ ದಾರಿ ಸುತ್ತಿಸುತ್ತಿ ಇಳಿದಿದೆ, ಅದರ ಬುಡದಲ್ಲಿ ಮೈದಾನದ ಕಾರುಗಳು ಚೆಲ್ಲಿದ ಗುಂಡಿಗಳಂತೆ ಮಿನುಗುತ್ತಿವೆ. ಬಿಸಿಲು ಬಾನೆಟ್ಟಿನ ತನಕ ಇನ್ನೂ ಬಂದಿಲ್ಲ. ನಿಮಗೇನಾದರೂ ಬೇಕಾ ಎಂದು ಮಾಮ ಕನ್ನಡಿಯಕ್ಕನನ್ನು ಕೇಳುತ್ತಾರೆ.

"ಒಂದಿನ ಮಕ್ಕಳ ಜೊತೆ ಹತ್ತಬೇಕು ಅಣ್ಣಾ. ಮರಳು ಮಾತಾಡಲ್ಲ. ಅತ್ತೇನೂ ಕರ್ಕೊಂಡು ಬರ್ತೀನಿ, ಆ ತರಲೆ ಪಕ್ಕ ಕೂರಿಸಿ. ಇಬ್ರಿಗೂ ಸರಿಹೋಗುತ್ತೆ."

ಆಮೇಲೆ ಎದ್ದು ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ತೆಗೆಯುತ್ತಾರೆ. ಇನ್ನಷ್ಟು ಹೊತ್ತು ಕಾದು ಮತ್ತೆ ಇಡುತ್ತಾರೆ. ಈ ಸಲ ಬಾನೆಟ್ ಎತ್ತಿ, ಡಬ್ಬಿಯಿಂದ ಸೀಮೆಸುಣ್ಣ ತೆಗೆದು, ಒಳಮೈಯ ಧೂಳನ್ನು ಸೆರಗಿನಿಂದ ಒರೆಸಿ, ದೊಡ್ಡದಾಗಿ ದುಂಡಗೆ ಬರೆಯುತ್ತಾರೆ: ೧೧೦.

"ಸಾಕ್ಷಿ ಮೂವರೂ ಒಂದೇ ಮಾತು ಹೇಳಿದ್ರು," ಎಂದು ಕೈಯ ಬಿಳಿ ಪುಡಿ ಕೊಡವುತ್ತಾರೆ.